1888ರ ಲಂಡನ್ ಬೆಂಕಿಕಡ್ಡಿ ಕಾರ್ಖಾನೆ ಮುಷ್ಕರ: ಬಟವಾಡೆಯಿಂದ ಒಪ್ಪಂದದವರೆಗೆ ಓದುವ ಕ್ರಮ

1888ರ ಜುಲೈ ತಿಂಗಳಲ್ಲಿ ಪೂರ್ವ ಲಂಡನ್ನಿನ ಬೋ ಪ್ರದೇಶದಲ್ಲಿದ್ದ ಬ್ರಯಂಟ್ ಅಂಡ್ ಮೇ ಕಂಪನಿಯ ಬೆಂಕಿಕಡ್ಡಿ ಕಾರ್ಖಾನೆಯಿಂದ ಸುಮಾರು 1,400 ಮಂದಿ ಹೆಂಗಸರು, ಹುಡುಗಿಯರು ಕೆಲಸ ನಿಲ್ಲಿಸಿ ಹೊರಬಂದರು. ಎರಡು ವಾರದೊಳಗೆ ಕಂಪನಿ ಮಣಿಯಿತು. ಈ ಮುಷ್ಕರದ ಬಗ್ಗೆ ಪ್ರಬಂಧ ಬರೆಯುವವರು, ಪಾಠ ಮಾಡುವವರು, ನಾಟಕ ಕಟ್ಟುವವರು ಸಾಮಾನ್ಯವಾಗಿ ಆ ಕಾರ್ಖಾನೆಯ ಬಗ್ಗೆ ಆನಿ ಬೆಸೆಂಟ್ ಬರೆದ ಲೇಖನದಿಂದ ಶುರುಮಾಡಿ, ಬೆಂಕಿಕಡ್ಡಿಯ ಮದ್ದಿನಿಂದ ದವಡೆ ಕೊಳೆಯುವ ರೋಗದಲ್ಲಿ ಮುಗಿಸುತ್ತಾರೆ. ಲೇಖನವೂ ನಿಜ, ರೋಗವೂ ನಿಜ. ಆದರೆ ಆ ಎರಡರ ನಡುವೆ ಕೆಲಸಗಾರರೇ ಕಾಣೆಯಾಗುತ್ತಾರೆ. ಅವರು ಯಾವುದಕ್ಕಾಗಿ ಹೊರಬಂದರು, ಏನನ್ನು ಪಡೆದು ಒಳಗೆ ಹೋದರು ಎನ್ನುವುದು ತಿಳಿಯಬೇಕಾದರೆ ಬಟವಾಡೆಯ ಲೆಕ್ಕದಿಂದ ಶುರುಮಾಡಬೇಕು. ಮುಂದಿನ ಕ್ರಮ ಅದಕ್ಕಾಗಿ.

ಮೊದಲು ದುಡ್ಡಿನ ಲೆಕ್ಕ

ಆಗಿನ ಬ್ರಿಟಿಷ್ ನಾಣ್ಯ ಪದ್ಧತಿ ದಶಮಾಂಶದ್ದಲ್ಲ. 4 ಫಾರ್ದಿಂಗಿಗೆ 1 ಪೆನ್ನಿ, 12 ಪೆನ್ನಿಗೆ 1 ಶಿಲ್ಲಿಂಗ್, 20 ಶಿಲ್ಲಿಂಗಿಗೆ 1 ಪೌಂಡ್. ಅಂದರೆ ಪೌಂಡಿಗೆ 240 ಪೆನ್ನಿ. ಹಳೆಯ ಕಾಗದಪತ್ರಗಳಲ್ಲಿ ಶಿಲ್ಲಿಂಗನ್ನು ಎಸ್ ಅಕ್ಷರದಿಂದಲೂ ಪೆನ್ನಿಯನ್ನು ಡಿ ಅಕ್ಷರದಿಂದಲೂ ಗುರುತಿಸಿರುತ್ತಾರೆ. 4/6 ಎಂದು ಬರೆದಿದ್ದರೆ 4 ಶಿಲ್ಲಿಂಗ್ 6 ಪೆನ್ನಿ. ಇದನ್ನು ಭಿನ್ನರಾಶಿ ಎಂದುಕೊಂಡು ಕೆಡುವವರು ಬಹಳ. ಯಾವ ಮೊತ್ತ ಸಿಕ್ಕರೂ ಮೊದಲು ಪೆನ್ನಿಗೆ ಇಳಿಸಿಕೊಳ್ಳಿ, ಆಮೇಲೆ ಕೂಡಿ ಕಳೆಯಿರಿ.

ಆ ಮೊತ್ತವನ್ನು ಇಂದಿನ ರೂಪಾಯಿಗೋ ಪೌಂಡಿಗೋ ಪರಿವರ್ತಿಸುವ ಗೋಜಿಗೆ ಹೋಗಬೇಡಿ. ಬೆಲೆ ಸೂಚ್ಯಂಕ ಹಿಡಿದರೆ ಒಂದು ಉತ್ತರ, ಕೂಲಿಯ ಸೂಚ್ಯಂಕ ಹಿಡಿದರೆ ಅದರ ಹಲವು ಪಟ್ಟು ಬೇರೆ ಉತ್ತರ ಬರುತ್ತದೆ. ಎರಡೂ ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. ದಂಡವನ್ನು ದುಡಿಮೆಯ ಗಂಟೆಗೆ ಇಳಿಸಿ. ಅದು ಯಾವ ಕಾಲದ ಓದುಗರಿಗೂ ಅರ್ಥವಾಗುವ ಅಳತೆ.

ಇಳಿಸುವ ಬಗೆ ಹೀಗೆ. ಬೆಸೆಂಟ್ 1888ರ ಜೂನ್ 23ರಂದು 'ದಿ ಲಿಂಕ್' ಎಂಬ ಅರ್ಧ ಪೆನ್ನಿಯ ವಾರಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ 16 ವರ್ಷದ ಒಬ್ಬ ಹುಡುಗಿಯ ಉದಾಹರಣೆ ಇದೆ. ಪೀಸ್ ರೇಟಿನ ಮೇಲೆ, ಅಂದರೆ ಮಾಡಿದ ಎಣಿಕೆಗೆ ತಕ್ಕ ಕೂಲಿಗೆ, ದುಡಿಯುವ ಅವಳ ವಾರದ ಗಳಿಕೆ 4 ಶಿಲ್ಲಿಂಗ್, ಅಂದರೆ 48 ಪೆನ್ನಿ. ವಾರಕ್ಕೆ ಆರು ದಿನ, ದಿನಕ್ಕೆ 8 ಪೆನ್ನಿ. ಬೇಸಿಗೆಯಲ್ಲಿ ಕೆಲಸ ಬೆಳಗಿನ 6.30ಕ್ಕೆ ಶುರುವಾಗಿ ಸಂಜೆ 6ಕ್ಕೆ ಮುಗಿಯುತ್ತಿತ್ತು. ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ ಬಿಡುವು. ಉಳಿದದ್ದು 10 ಗಂಟೆ. ಅಲ್ಲಿಗೆ ಗಂಟೆಗೆ 0.8 ಪೆನ್ನಿ.

ಇನ್ನು ಅದೇ ಲೇಖನದಲ್ಲಿರುವ ದಂಡಗಳನ್ನು ಪಕ್ಕದಲ್ಲಿಡಿ. ಕಾಲು ಕೊಳೆಯಾಗಿದ್ದರೆ ಅಥವಾ ಬೆಂಚಿನ ಕೆಳಗಿನ ನೆಲ ಗಲೀಜಾಗಿದ್ದರೆ 3 ಪೆನ್ನಿ. ಕಡ್ಡಿ ಜೋಡಿಸಿದ ಹೊಸ ಚೌಕಟ್ಟು ತರಲು ಹೋಗುವಾಗ ಬೆಂಚಿನ ಮೇಲೆ ನಾಲ್ಕೈದು ಕಡ್ಡಿ ಬಿಟ್ಟರೆ 3 ಪೆನ್ನಿ. ಕೆಲವು ವಿಭಾಗಗಳಲ್ಲಿ ಮಾತಾಡಿದರೂ 3 ಪೆನ್ನಿ. 3 ಪೆನ್ನಿಯನ್ನು 0.8ರಿಂದ ಭಾಗಿಸಿದರೆ 3 ಗಂಟೆ 45 ನಿಮಿಷದ ದುಡಿಮೆ. ಕೆಲಸದ ನಡುವೆ ಹೊತ್ತಿಕೊಂಡ ಕಡ್ಡಿಗಳನ್ನು ಬೆಂಚಿನ ಮೇಲೆ ಇಟ್ಟದ್ದಕ್ಕೆ 1 ಶಿಲ್ಲಿಂಗ್ ಮುರಿದುಕೊಂಡದ್ದೂ ಇದೆ: 15 ಗಂಟೆ, ಒಂದೂವರೆ ದಿನ. ತಡವಾಗಿ ಬಂದವಳಿಗೆ ಅರ್ಧ ದಿನ ಬಾಗಿಲು ಮುಚ್ಚಿ, ದಿನದ 8 ಪೆನ್ನಿಯಲ್ಲಿ 5 ಪೆನ್ನಿ ಕಡಿತ. ಅರ್ಧ ದಿನಕ್ಕೆ 4 ಪೆನ್ನಿ ಹೋಗಬೇಕಿತ್ತು. ಐದನೆಯ ಪೆನ್ನಿ ಶುದ್ಧ ದಂಡ. ಇಂಥ ಪುಟ್ಟ ವ್ಯತ್ಯಾಸವನ್ನು ಓದುಗರ ಕಣ್ಣಿಗೆ ಹಿಡಿಯಿರಿ. ಕಾರ್ಖಾನೆಯ ಸಿಟ್ಟು ಕುದಿಯುತ್ತಿದ್ದದ್ದು ಅಲ್ಲಿ.

ತರಗತಿಯಲ್ಲಿ ಇದನ್ನು ಮಾಡಿಸುವುದಾದರೆ ಪ್ರತಿ ವಿದ್ಯಾರ್ಥಿಗೂ 48 ಕಾಗದದ ಚೂರು ಕೊಡಿ. ಒಂದು ಸಲ ತಡ (5), ಒಂದು ಸಲ ಗಲೀಜು ನೆಲ (3), ಒಂದು ಸಲ ಮಾತು (3) ಎಂದು ಹಿಂದಕ್ಕೆ ತೆಗೆದುಕೊಳ್ಳಿ. ಉಳಿಯುವುದು 37, ಅಂದರೆ 3 ಶಿಲ್ಲಿಂಗ್ 1 ಪೆನ್ನಿ. ಹೊತ್ತಿದ ಕಡ್ಡಿಯ ಶಿಲ್ಲಿಂಗೂ ಸೇರಿದರೆ 25. ಆ ಹುಡುಗಿ ಅದೇ ಕಾರ್ಖಾನೆಯಲ್ಲಿ 8-9 ಶಿಲ್ಲಿಂಗ್ ದುಡಿಯುವ ಅಕ್ಕನ ಜೊತೆ ಒಂದೇ ಕೋಣೆಯಲ್ಲಿದ್ದಳು, ಬಾಡಿಗೆ ವಾರಕ್ಕೆ 2 ಶಿಲ್ಲಿಂಗ್. ಒಂದು ಎಚ್ಚರಿಕೆ ಮಾತ್ರ ಬೇಕು: ಲೇಖನದಲ್ಲಿರುವುದು ಆಯ್ದ ಪ್ರಕರಣಗಳು. ಎಲ್ಲರಿಗೂ ಪ್ರತಿ ವಾರವೂ ಇಷ್ಟು ದಂಡ ಬೀಳುತ್ತಿತ್ತು ಎಂದು ಬರೆದರೆ ಅದು ನಿಮ್ಮ ಕಲ್ಪನೆ, ದಾಖಲೆಯಲ್ಲ. ಹಾಗೆಯೇ 'ಸರಾಸರಿ ಕೂಲಿ' ಎಂಬ ಅಂಕಿ ಎಲ್ಲಿ ಕಂಡರೂ ಅದರೊಳಗೆ ಯಾರೆಲ್ಲ ಸೇರಿದ್ದಾರೆ, ಅದು ದಂಡ ಕಳೆಯುವ ಮುಂಚಿನದೋ ನಂತರದ್ದೋ ಎಂದು ಕೇಳಿ. ನುರಿತ ಹೆಂಗಸಿನ ಗಳಿಕೆಯೂ ಹೊಸ ಹುಡುಗಿಯ ಗಳಿಕೆಯೂ ಕೂಡಿ ಬಂದ ಸರಾಸರಿಯಿಂದ ಇಬ್ಬರಲ್ಲಿ ಯಾರ ಬಾಳೂ ತಿಳಿಯುವುದಿಲ್ಲ.

ಲಾಭಾಂಶದ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. ಕಂಪನಿ ಹಿಂದಿನ ವರ್ಷ 23 ಶೇಕಡ, ಅದಕ್ಕೂ ಮುಂಚೆ 25 ಶೇಕಡ ಲಾಭಾಂಶ ಕೊಟ್ಟಿತು ಎಂದು ಲೇಖನ ಹೇಳುತ್ತದೆ. ಇದು ಷೇರಿನ 5 ಪೌಂಡ್ ಮುಖಬೆಲೆಯ ಮೇಲಿನ ಲೆಕ್ಕ. 23 ಶೇಕಡ ಎಂದರೆ ಒಂದು ಷೇರಿಗೆ 23 ಶಿಲ್ಲಿಂಗ್, ನಮ್ಮ 4 ಶಿಲ್ಲಿಂಗಿನ ಹುಡುಗಿಯ ಐದೂಮುಕ್ಕಾಲು ವಾರದ ಗಳಿಕೆ. ಆದರೆ 25 ಶೇಕಡ ಕೊಟ್ಟಾಗ ಆ ಷೇರು ಮಾರುಕಟ್ಟೆಯಲ್ಲಿ 18 ಪೌಂಡ್ 7 ಶಿಲ್ಲಿಂಗ್ 6 ಪೆನ್ನಿಗೆ ಹೋಗುತ್ತಿತ್ತು ಎಂದೂ ಅಲ್ಲೇ ಇದೆ. ಆ ಬೆಲೆಗೆ ಕೊಂಡವನಿಗೆ ಬಂದದ್ದು 7 ಶೇಕಡಕ್ಕಿಂತ ಕಡಿಮೆ. ಹಳೆಯ ಷೇರುದಾರನ ಲಾಭವನ್ನೂ ಹೊಸಬನ ಲಾಭವನ್ನೂ ಒಂದೇ ಎಂದು ಬರೆದರೆ ವಾಣಿಜ್ಯ ಗೊತ್ತಿರುವ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಕೆಲಸದ ಹಂತಗಳು ಗೊತ್ತಿರಲಿ

ಕಡ್ಡಿ ತಯಾರಾಗುವ ಬಗೆ ತಿಳಿಯದೆ ದಂಡದ ಅನ್ಯಾಯ ತಿಳಿಯದು. ಮರವನ್ನು ಎರಡು ಬೆಂಕಿಕಡ್ಡಿಯಷ್ಟು ಉದ್ದದ ಸಣ್ಣ ಕಡ್ಡಿಗಳಾಗಿ ಸೀಳಿ, ಒಂದಕ್ಕೊಂದು ತಾಗದಂತೆ ಚೌಕಟ್ಟಿಗೆ ಜೋಡಿಸುತ್ತಿದ್ದರು. ಎರಡೂ ತುದಿಗಳನ್ನು ಬಿಳಿ ರಂಜಕ (ವೈಟ್ ಫಾಸ್ಫರಸ್) ಬೆರೆಸಿದ ಮದ್ದಿನಲ್ಲಿ ಅದ್ದಿ ಒಣಗಿಸಿದ ಮೇಲೆ ನಡುವೆ ಕತ್ತರಿಸಿ ಪೊಟ್ಟಣಕ್ಕೆ ತುಂಬುತ್ತಿದ್ದರು. ಕತ್ತರಿಸುವುದು, ತುಂಬುವುದು, ಕಟ್ಟುವುದು ಹೆಂಗಸರ ಕೆಲಸ. ಬಿಳಿ ರಂಜಕದ ಕಡ್ಡಿ ಯಾವ ಒರಟು ಮೈಗೆ ಗೀರಿದರೂ ಹೊತ್ತಿಕೊಳ್ಳುತ್ತದೆ. ಅದು ಜನಪ್ರಿಯವಾದದ್ದೇ ಆ ಗುಣದಿಂದ. ಕತ್ತರಿಸುವಾಗ ಉಜ್ಜಾಟದಲ್ಲಿ ಒಂದಿಷ್ಟು ಹೊತ್ತಿಕೊಳ್ಳುವುದು ಸರಕಿನ ಸ್ವಭಾವ. ಆ ಸ್ವಭಾವಕ್ಕೆ ಕೆಲಸಗಾರಳು ಒಂದೂವರೆ ದಿನದ ಕೂಲಿ ತೆರುತ್ತಿದ್ದಳು. ಬೆರಳು ಕತ್ತರಿಸಿಹೋಗದಂತೆ ಉಳಿಸಿಕೊಳ್ಳಲು ಹೋಗಿ ಪಟ್ಟಿಯನ್ನು ಯಂತ್ರಕ್ಕೆ ಸುತ್ತಿಕೊಳ್ಳಲು ಬಿಟ್ಟದ್ದಕ್ಕೂ ಒಬ್ಬಳಿಗೆ 1 ಶಿಲ್ಲಿಂಗ್ ದಂಡ ಬಿದ್ದ ಪ್ರಕರಣ ಲೇಖನದಲ್ಲಿದೆ. ಭಾರದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಹೊತ್ತು ಹದಿನೈದರ ಹುಡುಗಿಯರ ನೆತ್ತಿ ಬೋಳಾಗುತ್ತಿದ್ದುದನ್ನೂ ಬೆಸೆಂಟ್ ಬರೆದಿದ್ದಾರೆ. ಈ ವಿವರವನ್ನು ನೆನಪಿಟ್ಟುಕೊಳ್ಳಿ, ಒಪ್ಪಂದದಲ್ಲಿ ಮತ್ತೆ ಸಿಗುತ್ತದೆ.

ಪೊಟ್ಟಣಗಳನ್ನು ಮಾಡುತ್ತಿದ್ದವರು ಬೇರೆ. ಅವರು ಮನೆಯಲ್ಲೇ ಕೂತು ಅಂಟಿಸುವ ಹೆಂಗಸರು, ಮಕ್ಕಳು. ಒಂದು ಗ್ರೋಸಿಗೆ, ಅಂದರೆ 144 ಪೊಟ್ಟಣಕ್ಕೆ, ಸುಮಾರು ಎರಡೂಕಾಲು ಪೆನ್ನಿ. ಫಾರ್ದಿಂಗಿಗೆ 16 ಪೊಟ್ಟಣ. ಅಂಟೂ ದಾರವೂ ಅವರದೇ ಖರ್ಚು. ದಿನಕ್ಕೆ 8 ಪೆನ್ನಿ ಹುಟ್ಟಬೇಕಾದರೆ 512 ಪೊಟ್ಟಣ ಮಾಡಬೇಕು. ಮನೆಯಲ್ಲಿ ಕೂತು ಅಂಟಿಸುವ ಈ ಗುಂಪನ್ನೂ ಕಾರ್ಖಾನೆಯ ಗುಂಪನ್ನೂ ಒಂದೇ ಮಾಡಿ ಕೂಲಿ ಹೇಳುವುದು ಬಹಳ ಲೇಖನಗಳಲ್ಲಿ ಕಾಣುವ ತಪ್ಪು.

ಕಾನೂನಿನ ಕಡೆ ಒಂದು ನೋಟ ಸಾಕು. ಹತ್ತು ಗಂಟೆಯ ದಿನ 1878ರ ಕಾರ್ಖಾನೆ ಕಾಯ್ದೆಯ ಮಿತಿಯೊಳಗೇ ಇತ್ತು. ಆದ್ದರಿಂದ 'ಕಾನೂನು ಮೀರಿ ದುಡಿಸುತ್ತಿದ್ದರು' ಎಂದು ಗಂಟೆಗಳ ಬಗ್ಗೆ ಬರೆಯಬೇಡಿ. ಕೂಲಿಯಿಂದ ಮುರಿದುಕೊಳ್ಳುವುದರ ಪ್ರಶ್ನೆ ಕೂಲಿಯನ್ನು ಪೂರ್ತಿ ನಗದಾಗಿ ಕೊಡಬೇಕು ಎನ್ನುವ ಟ್ರಕ್ ಕಾಯ್ದೆಗಳಿಗೆ ಸೇರಿದ್ದು: 1831ರದು, 1887ರ ತಿದ್ದುಪಡಿ. ದಂಡಗಳನ್ನೇ ನೇರವಾಗಿ ನಿಯಂತ್ರಿಸಿದ ಟ್ರಕ್ ಕಾಯ್ದೆ ಬಂದದ್ದು 1896ರಲ್ಲಿ, ಮುಷ್ಕರವಾಗಿ ಎಂಟು ವರ್ಷದ ಮೇಲೆ.

ದಿನಾಂಕದ ಪಟ್ಟಿ ಮಾಡಿಕೊಳ್ಳುವುದು

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ದಿನಾಂಕ ಮತ್ತು ವಾರ, ಏನಾಯಿತು, ಯಾರು ಹೇಳುತ್ತಿದ್ದಾರೆ, ಹೇಳಿದ್ದು ಯಾವಾಗ. ಕೊನೆಯ ಎರಡು ಅಂಕಣ ಬಿಟ್ಟರೆ ಪಟ್ಟಿಗೆ ಬೆಲೆಯಿಲ್ಲ. ಜುಲೈ ತಿಂಗಳಲ್ಲೇ ಬರೆದ ಪತ್ರಕ್ಕೂ ಐದು ವರ್ಷ ಕಳೆದು ಬರೆದ ಆತ್ಮಕಥೆಗೂ ಒಂದೇ ತೂಕ ಕೊಟ್ಟಂತಾಗುತ್ತದೆ. ವಾರದ ಹೆಸರನ್ನೂ ಬರೆಯಿರಿ. ಬಟವಾಡೆ ಯಾವತ್ತು, ಸಭೆ ಯಾವತ್ತು ಎನ್ನುವುದು ಅದರಿಂದಲೇ ಅರ್ಥವಾಗುವುದು.

ಜೂನ್ 15, ಶುಕ್ರವಾರ: ಸಮಾಜವಾದಿಗಳ ಸಂಘವಾದ ಫೇಬಿಯನ್ ಸೊಸೈಟಿಯ ಸಭೆಯಲ್ಲಿ ಕ್ಲೆಮೆಂಟಿನಾ ಬ್ಲಾಕ್ ಹೆಂಗಸರ ದುಡಿಮೆಯ ಬಗ್ಗೆ ಮಾತಾಡಿದರು. ಬ್ರಯಂಟ್ ಅಂಡ್ ಮೇ ಕಡ್ಡಿಗಳನ್ನು ಕೊಳ್ಳಬಾರದು ಎಂಬ ನಿರ್ಣಯವನ್ನು ಹೆನ್ರಿ ಹೈಡ್ ಚಾಂಪಿಯನ್ ತಂದರು. ನಂತರ ಬೆಸೆಂಟ್ ಮತ್ತು ಅವರ ಸಮಾಜವಾದಿ ಒಡನಾಡಿ ಹರ್ಬರ್ಟ್ ಬರೋಸ್ ಕಾರ್ಖಾನೆಯ ಬಾಗಿಲಿಗೆ ಹೋಗಿ ಹುಡುಗಿಯರನ್ನು ಮಾತಾಡಿಸಿದರು. ಜೂನ್ 23, ಶನಿವಾರ: ಲೇಖನ ಪ್ರಕಟ. ಮುಂದಿನ ದಿನಗಳಲ್ಲಿ, ಅದರಲ್ಲಿರುವುದು ಸುಳ್ಳು ಎಂಬ ಹೇಳಿಕೆಗೆ ಸಹಿ ಹಾಕಿ ಎಂದು ಕಾರ್ಖಾನೆಯಲ್ಲಿ ಒತ್ತಾಯ, ಕೆಲಸಗಾರರ ನಿರಾಕರಣೆ, ಒಬ್ಬಳ ವಜಾ. ಜುಲೈ 5, ಗುರುವಾರ: ಕೆಲಸ ನಿಂತಿತು. ಮರುದಿನ ಒಂದು ದೊಡ್ಡ ಗುಂಪು ಫ್ಲೀಟ್ ಸ್ಟ್ರೀಟ್ ಪಕ್ಕದ ಪತ್ರಿಕಾ ಕಚೇರಿಗೆ ನಡೆದು ಬೆಸೆಂಟರನ್ನು ಕಂಡಿತು. ಜುಲೈ 8, ಭಾನುವಾರ: ಮೈಲ್ ಎಂಡ್ ವೇಸ್ಟ್ ಮೈದಾನದಲ್ಲಿ ಬಹಿರಂಗ ಸಭೆ. ಜುಲೈ 11, ಬುಧವಾರ: ಪಾರ್ಲಿಮೆಂಟಿಗೆ ನಿಯೋಗ, ಸದಸ್ಯ ಕನ್ನಿಂಗ್‌ಹ್ಯಾಮ್ ಗ್ರಹಾಂ ಇವರ ಪರ ನಿಂತವರು. ಜುಲೈ 14, ಶನಿವಾರ: ಮುಷ್ಕರ ನಿಧಿಯಿಂದ ಹಣ ಹಂಚಿಕೆ. ಜುಲೈ 17, ಮಂಗಳವಾರ: ಕಾರ್ಮಿಕ ಸಂಘಗಳ ಒಕ್ಕೂಟವಾದ ಲಂಡನ್ ಟ್ರೇಡ್ಸ್ ಕೌನ್ಸಿಲ್ ಮತ್ತು ಮುಷ್ಕರ ಸಮಿತಿಯವರು ನಿರ್ದೇಶಕರ ಜೊತೆ ಕೂತು ಒಪ್ಪಂದ.

ಕೆಲವು ಬರಹಗಳಲ್ಲಿ ಮುಷ್ಕರ ಶುರುವಾದ ದಿನವನ್ನು ಜುಲೈ 2 ಎಂದೋ, ಇನ್ನೂ ಮುಂಚೆ ಎಂದೋ ಕೊಟ್ಟಿರುವುದನ್ನು ಕಾಣುತ್ತೀರಿ. ವಜಾ, ಒಂದು ವಿಭಾಗ ಹೊರಬಂದದ್ದು, ಇಡೀ ಕಾರ್ಖಾನೆ ನಿಂತದ್ದು ಈ ಮೂರನ್ನೂ ಒಂದೇ ಘಟನೆ ಎಂದುಕೊಂಡಾಗ ಇಂಥ ಗೊಂದಲ ಹುಟ್ಟುತ್ತದೆ. ಪಟ್ಟಿಯಲ್ಲಿ ಮೂರಕ್ಕೂ ಬೇರೆ ಬೇರೆ ಸಾಲು ಇಡಿ.

ನಾಯಕತ್ವ ಯಾರದು ಎಂದು ಪರೀಕ್ಷಿಸುವುದು

ಪಟ್ಟಿ ಮುಂದಿದ್ದರೆ ಈ ಪ್ರಶ್ನೆಗೆ ಉತ್ತರ ತಾನೇ ಬರುತ್ತದೆ. ಲೇಖನಕ್ಕೂ ಮುಷ್ಕರಕ್ಕೂ ನಡುವೆ 12 ದಿನ. ಲೇಖನದಲ್ಲಿ ಮುಷ್ಕರದ ಕರೆಯಿಲ್ಲ. ಕೊಳ್ಳುವವರು ಈ ಕಂಪನಿಯ ಕಡ್ಡಿ ಬಿಡಬೇಕು ಎಂಬ ಕೋರಿಕೆ ಇದೆ. ಜುಲೈ 6ರಂದು ಬೆಸೆಂಟರ ಬಳಿಗೆ ಹೋದವರು ಆಗಲೇ ಕೆಲಸ ಬಿಟ್ಟವರು. ಹೊರಬರುವ ನಿರ್ಧಾರ ಕಾರ್ಖಾನೆಯ ಒಳಗಿನದು. ಇದನ್ನು ಒಪ್ಪಿಕೊಂಡರೆ ಬೆಸೆಂಟರ ಪಾಲು ಕಡಿಮೆಯಾಗುವುದಿಲ್ಲ: ನಿಧಿ ಕೂಡಿಸಿದ್ದು, ಪತ್ರಿಕೆಗಳಿಗೆ ಸುದ್ದಿ ತಲುಪಿಸಿದ್ದು, ಪಾರ್ಲಿಮೆಂಟಿನ ಬಾಗಿಲು ತೆರೆಸಿದ್ದು, ಆಮೇಲೆ ಸಂಘದ ಕಾರ್ಯದರ್ಶಿಯಾಗಿ ದುಡಿದದ್ದು ಎಲ್ಲ ಅವರದೇ. ಆದರೆ ಆ ಕೆಲಸಗಳು ಮುಷ್ಕರ ಶುರುವಾದ ಮೇಲಿನವು.

ಹಿಂದಕ್ಕೂ ನೋಡಿ. 1871ರಲ್ಲಿ ಹಣಕಾಸು ಸಚಿವ ರಾಬರ್ಟ್ ಲೋ ಬೆಂಕಿಕಡ್ಡಿಯ ಮೇಲೆ ತೆರಿಗೆ ಹಾಕಲು ಹೊರಟಾಗ ಪೂರ್ವ ಲಂಡನ್ನಿನ ಬೆಂಕಿಕಡ್ಡಿ ಕೆಲಸಗಾರರು ಪಾರ್ಲಿಮೆಂಟಿಗೆ ಮೆರವಣಿಗೆ ಹೋಗಿದ್ದರು; ತೆರಿಗೆ ಹಿಂದಕ್ಕೆ ಹೋಯಿತು. 1880ರ ದಶಕದಲ್ಲೇ ಇದೇ ಕಂಪನಿಯಲ್ಲಿ ಮುಷ್ಕರಗಳಾಗಿ ಸೋತಿದ್ದವು. 1882ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಪ್ರತಿಮೆಗೆಂದು ಕೂಲಿಯಲ್ಲಿ 1 ಶಿಲ್ಲಿಂಗ್ ಮುರಿದುಕೊಂಡು, ಅನಾವರಣದ ದಿನ ರಜೆ ಕೊಟ್ಟು ಅರ್ಧ ದಿನದ ಗಳಿಕೆಯನ್ನೂ ತಪ್ಪಿಸಿದ್ದನ್ನು ಹುಡುಗಿಯರು ಆರು ವರ್ಷ ಕಳೆದರೂ ಮರೆತಿರಲಿಲ್ಲ. ಏನೂ ಅರಿಯದ ಮಕ್ಕಳನ್ನು ಹೊರಗಿನವರು ಬಂದು ಎಬ್ಬಿಸಿದರು ಎಂಬ ಕತೆ ಈ ನೆನಪುಗಳ ಮುಂದೆ ನಿಲ್ಲುವುದಿಲ್ಲ.

ಇಲ್ಲಿ ಅತ್ಯಂತ ಉಪಯುಕ್ತ ದಾಖಲೆ ಮುಷ್ಕರ ನಿಧಿಯ ನೋಂದಣಿ ಪುಸ್ತಕ. ಅದು ಲಂಡನ್ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದಲ್ಲಿರುವ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ ಗ್ರಂಥಾಲಯದಲ್ಲಿ ಉಳಿದಿದೆ. ಹಣ ಪಡೆದವರ ಹೆಸರು, ವಿಳಾಸ, ಮಾಡುತ್ತಿದ್ದ ಕೆಲಸ, ಗಳಿಕೆ ಇದರಲ್ಲಿ ಸಿಗುತ್ತವೆ. ಪುಟಪುಟವಾಗಿ ಓದಿದರೆ ಒಂದೇ ಬೀದಿಯವರು, ಒಂದೇ ಮನೆಯ ತಾಯಿ ಮಕ್ಕಳು ಕಾಣಿಸುತ್ತಾರೆ. ಹುಡುಗಿಯರಷ್ಟೇ ಅಲ್ಲ, ಮದುವೆಯಾದವರೂ ಇದ್ದಾರೆ. ಹೆಸರು ಹಿಡಿದು ಜನಗಣತಿಗೆ ಹೋಗುವಾಗ 1881 ಮತ್ತು 1891 ಎರಡನ್ನೂ ನೋಡಬೇಕು, ಮುಷ್ಕರ ಅವೆರಡರ ನಡುವಿನದು. ಮದುವೆಯಿಂದ ಹೆಸರು ಬದಲಾಗಿ ಜಾಡು ತಪ್ಪುವುದು ಸಾಮಾನ್ಯ. ಸಮಿತಿಯಲ್ಲಿದ್ದ ಸಾರಾ ಚಾಪ್‌ಮನ್ 1891ರ ಮದುವೆಯ ನಂತರ ಸಾರಾ ಡಿಯರ್‌ಮನ್ ಆಗಿ ದಾಖಲೆಗಳಲ್ಲಿ ಸಿಗುತ್ತಾರೆ. 1945ರಲ್ಲಿ ತೀರಿಕೊಂಡ ಅವರನ್ನು ಬಡವರ ಸಾಮೂಹಿಕ ಸಮಾಧಿಯಲ್ಲಿ ಹೂಳಲಾಯಿತು. ಆದ್ದರಿಂದ ಮದುವೆ ನೋಂದಣಿಯನ್ನು ಮೊದಲು ಹುಡುಕಿ, ಆಮೇಲೆ ಗಣತಿ.

ಒಪ್ಪಂದವನ್ನು ದೂರುಗಳ ಪಕ್ಕದಲ್ಲಿಟ್ಟು ಓದಿ

ಕಾಗದದ ಎಡಕ್ಕೆ ದೂರು, ಬಲಕ್ಕೆ ಒಪ್ಪಂದದ ಕಲಮು. ಎಲ್ಲ ದಂಡಗಳೂ ರದ್ದು. ಬಣ್ಣ, ಬ್ರಷ್, ಸ್ಟಾಂಪು ಎಂದು ಕೂಲಿಯಿಂದ ಕಳೆಯುತ್ತಿದ್ದುದೆಲ್ಲ ರದ್ದು. ಚೌಕಟ್ಟುಗಳನ್ನು ರ್ಯಾಕಿಗೆ ಏರಿಸುವ ಕೆಲಸವನ್ನು ಹುಡುಗಿಯರೇ ಮಾಡಿಕೊಂಡರೆ ಅವರಿಗೆ ತಪ್ಪಿಹೋಗಿದ್ದ ಪೆನ್ನಿಗಳು ವಾಪಸು, ಇಲ್ಲವಾದರೆ ಆ ಕೆಲಸದ ಹುಡುಗರಿಗೆ ಪೀಸ್ ರೇಟಿನ ಪಾವತಿ. ಕಟ್ಟುವವರಿಗೆ ಅವರ 3 ಪೆನ್ನಿ. ದೂರುಗಳು ನೇರವಾಗಿ ಕಂಪನಿಯ ಮುಂದೆ ಹೋಗಬೇಕು. ಹೊರಹೋದ ಎಲ್ಲರನ್ನೂ ಮರಳಿ ಸೇರಿಸಿಕೊಳ್ಳಬೇಕು. ಇದರ ಜೊತೆಗೆ ತಿಂಡಿ ತಿನ್ನಲು ಬೇರೆ ಕೋಣೆ, ಪೆಟ್ಟಿಗೆ ಸಾಗಿಸಲು ತಳ್ಳುಗಾಡಿ. ತಲೆಹೊರೆಯ ದೂರಿಗೆ ತಳ್ಳುಗಾಡಿಯೇ ಉತ್ತರ. ಎಡಬಲ ಎಷ್ಟು ಕರಾರುವಾಕ್ಕಾಗಿ ಹೊಂದುತ್ತದೆ ನೋಡಿ. ಬೇಡಿಕೆ ಬರೆದವರಿಗೆ ಕಾರ್ಖಾನೆಯ ಒಳಗಿನ ಒಂದೊಂದು ಬೆಂಚೂ ಗೊತ್ತಿತ್ತು.

ಇಲ್ಲದ್ದನ್ನೂ ಗುರುತಿಸಿ. ಪೀಸ್ ರೇಟಿನ ಸಾರ್ವತ್ರಿಕ ಏರಿಕೆ ಇದರಲ್ಲಿಲ್ಲ. ಗೆದ್ದದ್ದು ದುಡಿದ ಕೂಲಿ ಪೂರ್ತಿ ಕೈಗೆ ಬರುವ ಹಕ್ಕು. ಬಿಳಿ ರಂಜಕದ ಮಾತೂ ಇಲ್ಲ.

ಅದು ಹೋದ ಕತೆಗೆ ಬೇರೆ ಕಾಲರೇಖೆ ಬೇಕು, ಒಂದೇ ಹಾಳೆಯಲ್ಲಿ ಬೆರೆಸಬೇಡಿ. ರಂಜಕದ ಆವಿ ಹುಳುಕು ಹಲ್ಲಿನ ದಾರಿಯಿಂದ ದವಡೆಯ ಮೂಳೆಗೆ ಇಳಿದು ಕೊಳೆಸುತ್ತಿತ್ತು. 1891ರಲ್ಲಿ ಕ್ರೈಸ್ತ ಸೇವಾ ಸಂಸ್ಥೆ ಸಾಲ್ವೇಶನ್ ಆರ್ಮಿ ಓಲ್ಡ್ ಫೋರ್ಡ್‌ನಲ್ಲಿ ಈ ರೋಗ ತರದ ಕೆಂಪು ರಂಜಕದ ಕಾರ್ಖಾನೆ ತೆರೆದು ಗ್ರೋಸಿಗೆ 4 ಪೆನ್ನಿ ಕೊಟ್ಟಿತು. 1898ರಲ್ಲಿ ರೋಗದ ಪ್ರಕರಣಗಳನ್ನು ವರದಿ ಮಾಡದ್ದಕ್ಕೆ ಬ್ರಯಂಟ್ ಅಂಡ್ ಮೇ ಮೇಲೆ ನ್ಯಾಯಾಲಯ ದಂಡ ಹಾಕಿತು. 1901ರಲ್ಲಿ ಕಂಪನಿ ಬಿಳಿ ರಂಜಕ ಬಿಟ್ಟಿತು. 1906ರಲ್ಲಿ ಬಿಳಿ ರಂಜಕದ ಕಡ್ಡಿ ನಿಷೇಧಿಸುವ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ, 1908ರಲ್ಲಿ ಬ್ರಿಟನ್ನಿನ ನಿಷೇಧ ಕಾಯ್ದೆ, ಅದು ಜಾರಿಗೆ ಬಂದದ್ದು 1910ರ ಜನವರಿ 1ಕ್ಕೆ. ಮುಷ್ಕರದಿಂದ ಇಲ್ಲಿಗೆ 21 ವರ್ಷ ದಾಟಿತು, ಅಷ್ಟರಲ್ಲಿ ಇನ್ನೆಷ್ಟೋ ದವಡೆಗಳು ಹೋದವು. 'ಮುಷ್ಕರದಿಂದ ರಂಜಕ ನಿಷೇಧವಾಯಿತು' ಎಂಬ ಒಂದು ವಾಕ್ಯ ಆ ವರ್ಷಗಳನ್ನು ಅಳಿಸಿಹಾಕುತ್ತದೆ. ನಾವು ಇಷ್ಟು ಪಟ್ಟು ಹಿಡಿದು ಹೇಳುವುದು ಅದಕ್ಕೇ.

ಯಾಕೆ ಗೆದ್ದಿತು ಎಂದು ಕೇಳಿದರೆ

ಮುಂಚಿನ ಮುಷ್ಕರಗಳು ಸೋತ ಕಡೆ ಇದು ಗೆದ್ದ ಕಾರಣಗಳನ್ನು ಒಂದೊಂದಾಗಿ ತೂಗಿ. ಇಡೀ ಕಾರ್ಖಾನೆ ಒಟ್ಟಿಗೆ ನಿಂತಿತು. ಒಂದು ವಿಭಾಗ ಮಾತ್ರ ಹೊರಬಂದಿದ್ದರೆ ಬದಲಿ ಹುಡುಗಿಯರು ಸುಲಭವಾಗಿ ಸಿಗುತ್ತಿದ್ದರು. ಗ್ಲಾಸ್ಗೋದಿಂದ ಕೆಲಸಗಾರರನ್ನು ತರಿಸುತ್ತೇವೆ ಎಂಬ ಬೆದರಿಕೆ ಬಂದಿತ್ತು, ಅದು ನಡೆಯಲಿಲ್ಲ. ನಿಧಿಯಿಂದ ವಾರದ ಹಣ ಬಂದದ್ದರಿಂದ ಉಪವಾಸ ಅವರನ್ನು ಮುರಿಯಲಿಲ್ಲ. ಪೂರ್ವ ಲಂಡನ್ನಿನ ಸಮಾಜಸೇವಾ ಕೇಂದ್ರ ಟಾಯ್ನ್‌ಬೀ ಹಾಲ್‌ನವರು ತಾವೇ ವಿಚಾರಿಸಿ 'ದಿ ಟೈಮ್ಸ್' ಪತ್ರಿಕೆಗೆ ಬರೆದದ್ದರಿಂದ ದೂರುಗಳೆಲ್ಲ ಸಮಾಜವಾದಿಗಳ ಕಟ್ಟುಕತೆ ಎನ್ನಲು ಕಂಪನಿಗೆ ಆಗಲಿಲ್ಲ. ಷೇರುದಾರರಿರುವ ಕಂಪನಿಗೆ ಹೆಸರು ಕೆಡುವುದು ದುಬಾರಿ. ಇವುಗಳಲ್ಲಿ ಒಂದನ್ನೇ ಎತ್ತಿ ಹಿಡಿಯುವ ಬರಹವನ್ನು ಅನುಮಾನದಿಂದ ಓದಿ.

ಸಂಘದ ಕತೆಯನ್ನು ಗೆಲುವಿನ ದಿನಕ್ಕೆ ನಿಲ್ಲಿಸಬೇಡಿ. ಜುಲೈ 27ರಂದು ಸ್ಟೆಪ್ನಿಯಲ್ಲಿ ಸಂಘದ ಮೊದಲ ಸಭೆ ಸೇರಿ 12 ಮಂದಿ ಹೆಂಗಸರನ್ನು ಸಮಿತಿಗೆ ಆರಿಸಿತು. ಅಕ್ಟೋಬರ್ ಹೊತ್ತಿಗೆ 666 ಸದಸ್ಯರು. ವರ್ಷದ ಕೊನೆಗೆ ಗಂಡಸರಿಗೂ ತೆರೆದುಕೊಂಡಿತು. 1903ರವರೆಗೆ ಅದು ಬಾಳಿತು.

1889ರ ಆಗಸ್ಟಿನ ಹಡಗುಕಟ್ಟೆ ಕೂಲಿಗಳ ಮುಷ್ಕರಕ್ಕೆ ಇದೇ ಕಾರಣ ಎಂದು ಬರೆಯಬೇಕೆನಿಸಿದರೆ ಸ್ವಲ್ಪ ತಾಳಿ. ಸಂಬಂಧವನ್ನು ತೋರಿಸುವ ದಾರಿ ಇದೆ: ನೋಂದಣಿ ಪುಸ್ತಕದ ವಿಳಾಸಗಳನ್ನು ಚಾರ್ಲ್ಸ್ ಬೂತ್ 1889ರಲ್ಲಿ ಪ್ರಕಟಿಸಿದ ಬಡತನದ ನಕ್ಷೆಯ ಮೇಲೆ ಗುರುತಿಸಿ, ಗಣತಿಯಲ್ಲಿ ಅದೇ ಮನೆಗಳ ಅಪ್ಪ, ಅಣ್ಣ, ಗಂಡಂದಿರ ಕಸುಬು ನೋಡಿ. ಹಡಗುಕಟ್ಟೆಯ ಕೂಲಿ ಎಂದು ಎಷ್ಟು ಮನೆಗಳಲ್ಲಿ ಬರುತ್ತದೋ ಅಷ್ಟು ಮಾತ್ರ ಹೇಳಿ. ನಕ್ಷೆಗೆ ಚಿತ್ರ ಸೇರಿಸುವಾಗಲೂ ಜಾಗ್ರತೆ ಬೇಕು: ಬೋ ಪ್ರದೇಶದಲ್ಲಿ ಇಂದು ವಸತಿ ಸಮುಚ್ಚಯವಾಗಿ ನಿಂತಿರುವ ಕೆಂಪು ಇಟ್ಟಿಗೆಯ ಕಟ್ಟಡಗಳ ಬಹುಭಾಗ 20ನೇ ಶತಮಾನದ ಆರಂಭದಲ್ಲಿ ಮತ್ತೆ ಕಟ್ಟಿದ್ದು. ಅದರ ಕೆಳಗೆ 1888 ಎಂದು ಅಡಿಬರಹ ಹಾಕಬೇಡಿ.